ಹನ್ನೆರಡು ವೋಲ್ಟು, ಹದಿನೈದನೆಯ ಟೋಕನ್

ಬೀಳ್ಕೊಡುಗೆಯ ದಿನ ನಮ್ಮ ಭಾವನ ಬಾಯಿಗೆ ಯಾರೂ ಮೈಕು ಹಿಡಿಯದೆ ಇದ್ದಿದ್ದರೆ ಇದು ಯಾವುದೂ ಆಗುತ್ತಿರಲಿಲ್ಲ. ಮೈಕು ಕಂಡರೆ ಕೆಲವರು ಹೆದರುತ್ತಾರೆ, ಕೆಲವರು ಉಬ್ಬುತ್ತಾರೆ. ಭಾವ ಮೊದಲು ಹೆದರಿ, ಆ ಹೆದರಿಕೆಯನ್ನು ಮುಚ್ಚಿಕೊಳ್ಳಲು ಉಬ್ಬುವ ಜಾತಿ.

ಜನನ-ಮರಣ ನೋಂದಣಿ ಕಚೇರಿಯ ಟೋಕನ್ ಕೌಂಟರಿನಲ್ಲಿ ಅವರು ಮೂವತ್ತೊಂದು ವರ್ಷ ಕೂತಿದ್ದರು. ಹುಟ್ಟಿದವರ ಕಡೆಯವರು ಬರಲಿ, ಸತ್ತವರ ಕಡೆಯವರು ಬರಲಿ, ಮುಖ ನೋಡದೆ ಒಂದು ಹಿತ್ತಾಳೆ ಟೋಕನ್ ಕೈಗಿಟ್ಟು "ಕೂತ್ಕೊಳ್ಳಿ, ಕರೀತೀನಿ" ಅನ್ನುವುದು ಅವರ ಕೆಲಸ. ಹೀಗಾಗಿ ಇಡೀ ಊರು ಅವರನ್ನು ಟೋಕನ್ನಪ್ಪ ಎಂದೇ ಕರೆಯುತ್ತಿತ್ತು. ಅದೇ ದಿನ ನಿವೃತ್ತರಾದ ಇನ್ನೊಬ್ಬರು ಭಾಷಣದಲ್ಲಿ, ಇನ್ನು ಮನೆಯಲ್ಲೇ ಆರಾಮವಾಗಿ ಇರುತ್ತೇನೆ ಎಂದರು. ಅದಾದ ಮೇಲೆ ಮೈಕು ಭಾವನ ಕಡೆ ತಿರುಗಿತು. ಬೇರೆ ಏನಾದರೂ ಹೇಳಲೇಬೇಕಿತ್ತು.

"ನಾನು ಮನೇಲಿ ಇರೋದಿಲ್ಲ," ಎಂದರು ಭಾವ. "ಮನೇನೇ ನನ್ನ ಜೊತೆ ಬರುತ್ತೆ."

ಸಭೆ ಚಪ್ಪಾಳೆ ತಟ್ಟಿತು. ಆ ಮಾತಿನ ಅರ್ಥ ಏನು ಎಂದು ಭಾವನಿಗೇ ಗೊತ್ತಿರಲಿಲ್ಲ. ಆದರೆ ಅಷ್ಟು ಚಪ್ಪಾಳೆ ಬಿದ್ದ ಮೇಲೆ ಅದಕ್ಕೊಂದು ಅರ್ಥ ಒದಗಿಸುವುದು ಅವರ ಜವಾಬ್ದಾರಿಯಾಯಿತು. ಕಚೇರಿಗೆ ಆಗ ತಾನೇ ನಂಬರು ಚೀಟಿ ಉಗುಳುವ ಯಂತ್ರ ಬಂದಿದ್ದರಿಂದ ಹಳೆಯ ಐವತ್ತು ಹಿತ್ತಾಳೆ ಟೋಕನ್‌ಗಳನ್ನು ಒಂದು ಬಟ್ಟೆ ಚೀಲಕ್ಕೆ ತುಂಬಿ, ನೆನಪಿನ ಕಾಣಿಕೆ ಎಂದು ಅವರ ಕೈಗೆ ಕೊಟ್ಟರು. ಚೀಲವನ್ನು ಎದೆಗವಚಿಕೊಂಡು ಮನೆಗೆ ಬಂದ ಭಾವ, ತಿಂಗಳು ಕಳೆಯುವುದರೊಳಗೆ ಮೂಲೆಯ ಬೇಕರಿಯವರ ಹಳೇ ಬ್ರೆಡ್ ವ್ಯಾನು ಕೊಂಡರು.

ಬಡಗಿ ಬಂದು ಅದರೊಳಗೆ ಒಂದು ಮಂಚ, ಒಂದು ಬೆಂಚು, ಒಂದು ಕಪಾಟು ಕೂರಿಸಿದ. ಕಿಟಕಿಗಳಿಗೆ ಪರದೆ ಬಂತು. ಎಷ್ಟು ತೊಳೆದರೂ ಹೋಗದೆ ಉಳಿದದ್ದು ಬ್ರೆಡ್ಡಿನ ವಾಸನೆ. ಮನೆಯ ಮುಂದಿನ ಮರದ ಕೆಳಗೆ ನಿಂತ ಆ ವ್ಯಾನಿನ ಬಾಗಿಲು ತೆರೆದರೆ ಸಾಕು, ಯಾವುದೋ ಬೆಳಗಿನ ಜಾವ, ಯಾವುದೋ ಬೆಚ್ಚಗಿನ ಅಡುಗೆಮನೆ ನೆನಪಾಗಿ ಕಾಲು ತಾನಾಗಿ ನಿಧಾನವಾಗುತ್ತಿತ್ತು. ಅಂದಹಾಗೆ ಭಾವನಿಗೆ ವಾಹನ ಓಡಿಸಲು ಬಾರದು. ಓಡಿಸುವವಳು ನಮ್ಮ ಅಕ್ಕ.

ಅಕ್ಕನ ವಿಷಯ ಹೇಳಲೇಬೇಕು. ಅವಳು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಬಟ್ಟೆ ತಪಾಸಣೆ ಮಾಡುವವಳು. ಇಪ್ಪತ್ತಾರು ವರ್ಷ ಬಿಳಿ ಟ್ಯೂಬ್‌ಲೈಟುಗಳ ಕೆಳಗೆ ನಿಂತು, ತಪ್ಪಿದ ಎಳೆ, ಬಿಟ್ಟುಹೋದ ಹೊಲಿಗೆ, ಸಾಸಿವೆಯಷ್ಟು ಕಲೆ ಹುಡುಕಿ ಹುಡುಕಿ, ಈಗ ಅವಳ ಕಣ್ಣು ಮನೆಯಲ್ಲೂ ಸುಮ್ಮನಿರುವುದಿಲ್ಲ. ನಾನು ಮೇಲಿನ ಮಹಡಿಯಲ್ಲಿ ಗಡಿಯಾರ ರಿಪೇರಿ ಮಾಡಿಕೊಂಡಿರುವ ಅವಳ ತಮ್ಮ. ಮೆಟ್ಟಿಲಿಳಿದು ಬರುವಷ್ಟರಲ್ಲೇ "ನಿನ್ನ ಎರಡನೇ ಗುಂಡಿ ಸಡಿಲ ಆಗಿದೆ ನೋಡು" ಅಂದಿರುತ್ತಾಳೆ. ವರ್ಷಗಟ್ಟಲೆ ಕೂಡಿಟ್ಟ ನಲವತ್ತು ದಿನ ರಜೆಯನ್ನು ಅವಳು ಒಟ್ಟಿಗೆ ತೆಗೆದುಕೊಂಡಿದ್ದಳು. ಎಲ್ಲಿಗೆ ಅಂತೇನೂ ಇಲ್ಲ. ನೀರಿನ ಪಕ್ಕ ಎಲ್ಲಾದರೂ ನಿಲ್ಲಿಸಿ, ಅಲಾರಂ ಇಲ್ಲದೆ ಏಳಬೇಕು, ಅಷ್ಟೇ ಅವಳ ಆಸೆ.

ರಜೆಯ ಮೊದಲ ದಿನ ಬೆಳಿಗ್ಗೆ ಅವಳು ವ್ಯಾನಿನೊಳಗೆ ತಲೆ ಹಾಕಿ ನೋಡಿದಳು. "ಎಲ್ಲ ಚೆನ್ನಾಗಿದೆ. ದೀಪ ಒಂದು ಹಾಕಿಸಿಬಿಡಿ. ಹೊರಡೋಣ."

"ಎಂಥ ದೀಪ ಬೇಕು?"

"ಯಾವುದಾದ್ರೂ ಸರಿ. ಕೆಲಸದ ಥರ ಇರಬಾರದು, ಅಷ್ಟೇ."

ಬೇರೆ ಗಂಡಸಾಗಿದ್ದರೆ ಸಂಜೆಯೊಳಗೆ ಒಂದು ದೀಪ ಹಾಕಿ ಹೊರಟುಬಿಡುತ್ತಿದ್ದ. ಭಾವ ಅದನ್ನು ಸರ್ಕಾರದ ಆದೇಶದಂತೆ ಸ್ವೀಕರಿಸಿದರು.

ದೀಪದಂಗಡಿಗೆ ನನ್ನನ್ನೂ ಕರೆದುಕೊಂಡು ಹೋದರು. "ಕೆಲಸದ ಥರ ಇಲ್ಲದ ಬೆಳಕು ಕೊಡಿ," ಎಂದರು.

ಅಂಗಡಿಯವರು ಇಪ್ಪತ್ತು ವರ್ಷದಿಂದ ದೀಪ ಮಾರುತ್ತಿದ್ದವರು. ಈ ಜಾತಿಯದನ್ನು ಯಾರೂ ಕೇಳಿರಲಿಲ್ಲ. "ಗಾಡಿಗಾ? ಹಾಗಾದ್ರೆ ಹನ್ನೆರಡು ವೋಲ್ಟಿನ ಎಲ್‌ಇಡಿ ತಗೊಳ್ಳಿ. ಬ್ಯಾಟರೀಲಿ ಉರಿಯುತ್ತೆ, ಬಿಸಿ ಆಗಲ್ಲ. ಬಣ್ಣ ಯಾವುದು? ಎರಡು ಸಾವಿರದ ಏಳ್ನೂರಾ, ನಾಲ್ಕು ಸಾವಿರಾನಾ, ಆರೂವರೆ ಸಾವಿರಾನಾ?"

"ಇದು ಯಾತರ ಲೆಕ್ಕ?"

"ಕೆಲ್ವಿನ್ ಸಾರ್. ಶಾಖದ ಲೆಕ್ಕ. ನಂಬರ್ ಏರ್ತಾ ಹೋದ ಹಾಗೆ ಬೆಳಕು ತಣ್ಣಗೆ ಕಾಣುತ್ತೆ. ಇಳೀತಾ ಬಂದ ಹಾಗೆ ಬೆಚ್ಚಗೆ."

ಭಾವ ಬಹಳ ಹೊತ್ತು ಯೋಚಿಸಿದರು. "ಶಾಖ ಜಾಸ್ತಿ ಆದ್ರೆ ತಣ್ಣಗಾಗುತ್ತಾ?"

"ಕಾಣುತ್ತೆ ಸಾರ್."

"ಯಾರು ಒಪ್ಪಿಗೆ ಕೊಟ್ರು ಇದಕ್ಕೆ?"

ಅಂಗಡಿಯವರು ನನ್ನ ಮುಖ ನೋಡಿದರು. ನಾನು ಗೋಡೆಯ ಗಡಿಯಾರ ನೋಡಿದೆ. ಕೊನೆಗೆ ಅವರು ಒಂದು ಪುಟ್ಟ ಪಟ್ಟಿ ದೀಪ ತೆಗೆದು, "ಇದು ಎರಡು ಸಾವಿರದ ಏಳ್ನೂರು. ಕಪಾಟಿನ ಕೆಳಗೆ ಅಂಟಿಸಿ, ಸಣ್ಣದು ದೊಡ್ಡದು ಮಾಡೋ ತಿರುಪು ಒಂದು ಹಾಕಿ. ಮುಗೀತು," ಎಂದರು. ಅಷ್ಟಕ್ಕೇ ಮುಗಿಯುವ ವಿಷಯವನ್ನು ಭಾವ ಎಂದೂ ನಂಬುವುದಿಲ್ಲ. ಅದರ ಜೊತೆಗೆ ಗುಂಡನೆಯ ದೀಪ, ಕತ್ತು ಬಗ್ಗಿಸುವ ಓದುವ ದೀಪ, ಬಣ್ಣ ಬದಲಾಯಿಸುವ ದೀಪ, ಹೀಗೆ ಏಳು ಥರದ್ದನ್ನು ಕಟ್ಟಿಸಿಕೊಂಡು ಬಂದರು.

ಬಂದವರೇ ಆ ಪಟ್ಟಿ ದೀಪವನ್ನು ಪರೀಕ್ಷೆಗೆಂದು ಮನೆಯ ಪ್ಲಗ್ಗಿಗೆ ಚುಚ್ಚಿದರು. ಚಿಟ್ ಎಂದಿತು. ಮನೆಯೆಲ್ಲ ಕತ್ತಲಾಯಿತು. ಸುಟ್ಟ ವಾಸನೆಯ ನಡುವೆ ಅಕ್ಕನ ದನಿ ಮಾತ್ರ ಬಂತು: "ಬೆಳಕು ಚೆನ್ನಾಗಿತ್ತು. ಸ್ವಲ್ಪ ಹೊತ್ತು ಇರಬೇಕಿತ್ತು."

ಅಂದಿನಿಂದ ಭಾವನಿಗೆ ಹನ್ನೆರಡು ವೋಲ್ಟಿನ ಮೇಲೆ ಭಯಭಕ್ತಿ ಹುಟ್ಟಿತು. ಅಂಥದ್ದೇ ಇನ್ನೊಂದು ಪಟ್ಟಿ ತಂದರು. ಬ್ಯಾಟರಿ, ಫ್ಯೂಸು, ವೈರು ಎಲ್ಲ ಅಂಗಡಿಯವರೇ ಬಂದು ಸರಿಯಾಗಿ ಕೂರಿಸಿಕೊಟ್ಟರು. ಏಳು ದೀಪ, ಏಳು ಸ್ವಿಚ್ಚು. ಇನ್ನು ಒಂದನ್ನು ಆರಿಸಿಕೊಂಡರೆ ಆಯಿತು. ಭಾವ ಬೆಂಚಿನ ಮೇಲೆ ಒಬ್ಬರೇ ಕೂತು, ಒಂದೊಂದನ್ನೇ ಹಾಕಿ ಆರಿಸುತ್ತ, ನಾಲ್ಕು ದಿನ ಕಳೆದರು. ಹೊರಗಿನಿಂದ ನೋಡಿದರೆ ಪರದೆಗಳ ಹಿಂದೆ ವ್ಯಾನು ಒಮ್ಮೆ ಜೇನಿನ ಬಣ್ಣ, ಒಮ್ಮೆ ಹಾಲಿನ ಬಣ್ಣ, ಒಮ್ಮೆ ತಿಳಿನೀಲಿ ತಾಳುತ್ತ ಮರದ ಕೆಳಗೆ ಉಸಿರಾಡುತ್ತಿದ್ದಂತೆ ಕಾಣುತ್ತಿತ್ತು. ಸಂಜೆ ಕೆಲಸ ಮುಗಿಸಿ ಹೋಗುವವರು ನಿಂತು ನೋಡುತ್ತಿದ್ದರು. ನಾನೂ ಕಿಟಕಿಯಲ್ಲಿ ನಿಂತು, ಕೈಯಲ್ಲಿದ್ದ ಗಡಿಯಾರ ಮರೆತು, ನೋಡುತ್ತಿದ್ದೆ. ಅಕ್ಕ ತನ್ನ ರಜೆ ಪತ್ರವನ್ನು ಅಡುಗೆಮನೆ ಗೋಡೆಗೆ ಅಂಟಿಸಿ, ಕಳೆದ ದಿನಕ್ಕೊಂದರಂತೆ ಗೆರೆ ಎಳೆಯುತ್ತಿದ್ದಳು.

"ಇಪ್ಪತ್ತನೇ ಗೆರೆ ಬೀಳೋವರೆಗೂ ಕಾಯ್ತೀನಿ," ಎಂದಳು ನನ್ನ ಹತ್ತಿರ. "ಆಮೇಲೆ ಮಿಕ್ಕ ರಜೆ ರದ್ದು ಮಾಡಿಸಿ ಕೆಲಸಕ್ಕೆ ಹೋಗ್ತೀನಿ. ಇಲ್ಲೇ ಇದ್ದು ಗೆರೆ ಎಳೆಯೋದಕ್ಕಿಂತ ಅಲ್ಲಿ ಎಳೆ ಹುಡುಕೋದು ವಾಸಿ."

ನಗುತ್ತಲೇ ಹೇಳಿದಳು. ಆದರೆ ನನ್ನ ಅಕ್ಕ ಯಾವಾಗ ನಗುವುದಕ್ಕೆ ನಗುತ್ತಾಳೆ, ಯಾವಾಗ ಅಳು ತಡೆಯುವುದಕ್ಕೆ ನಗುತ್ತಾಳೆ ಎಂದು ನನಗೆ ಗೊತ್ತು. ನಾನು ಹೋಗಿ ಭಾವನಿಗೆ ಹೇಳಿದೆ. ಅವರು ಗಾಬರಿಯಾದರು. ಗಾಬರಿಯಾದಾಗ ಅವರಿಗೆ ತೋಚುವ ದಾರಿ ಒಂದೇ: ಜನರನ್ನು ಕರೆದು ಕೂರಿಸುವುದು.

ಐದನೆಯ ದಿನ ಅವರು ಎದುರುಮನೆಯ ಗಣಿತದ ಮೇಡಂ ಅವರನ್ನು ಅಭಿಪ್ರಾಯ ಕೇಳಲು ಕರೆದರು. ಮೇಡಂ ಮೂರು ವರ್ಷದಿಂದ ಸರಿಯಾಗಿ ನಿದ್ದೆ ಮಾಡದವರು. ಬೀದಿಗೆಲ್ಲ ಗೊತ್ತಿದ್ದ ಸಂಗತಿ. ಭಾವ ಅವರನ್ನು ಮಂಚದ ಮೇಲೆ ಕೂರಿಸಿ, ದಿಂಬಿಗೆ ಒರಗಿಸಿ, ಪರದೆ ಎಳೆದು, ಆ ಪಟ್ಟಿ ದೀಪ ಹಾಕಿ, ತಿರುಪನ್ನು ಮೆಲ್ಲಗೆ ಇಳಿಸಿದರು.

"ಕಣ್ಣಿಗೆ ಚುಚ್ಚುತ್ತಾ ಮೇಡಂ?"

"ಇಲ್ಲ."

"ಇನ್ನೂ ಸ್ವಲ್ಪ ಕಮ್ಮಿ ಮಾಡ್ಲಾ?"

"ಹೂಂ... ಎಲ್ಲೋ ಬ್ರೆಡ್ ಬೇಯ್ತಿದೆ..." ಎಂದರು ಮೇಡಂ. ಅದಾದ ಮೇಲೆ ಎರಡೂಕಾಲು ಗಂಟೆ ಏನೂ ಹೇಳಲಿಲ್ಲ.

ಎದ್ದು ಹೊರಗೆ ಬಂದಾಗ ಅವರ ಕೆನ್ನೆಯ ಮೇಲೆ ದಿಂಬಿನ ಅಚ್ಚಿತ್ತು. ಮುಖ ಹತ್ತು ವರ್ಷ ಹಿಂದಕ್ಕೆ ಹೋಗಿತ್ತು. ಭಾವ ಅಭಿಪ್ರಾಯ ಬರೆದಿಡಲೆಂದೇ ತೆರೆದಿದ್ದ ರಿಜಿಸ್ಟರಿನಲ್ಲಿ, "ಗಣಿತದ ಮೇಡಂ, ಎರಡು ಸಾವಿರದ ಏಳುನೂರು, ಮಂದ. ಅಭಿಪ್ರಾಯ ಹೇಳಲಿಲ್ಲ" ಎಂದು ಬೇಸರದಿಂದ ಬರೆದರು. ಮೇಡಂ ಮಾತ್ರ ಬೀದಿಗೆಲ್ಲ ಹೇಳಿದರು. "ಅದೇನೋ ಬೆಳಕಿನ ಚಿಕಿತ್ಸೆ ಕೊಡ್ತಾರೆ ಕಣ್ರೀ. ಮೈಮೇಲೆ ಕೈ ಇಡಲ್ಲ, ಮಾತ್ರೆ ಇಲ್ಲ. ಸುಮ್ನೆ ಕೇಳ್ತಾರೆ, ಕಮ್ಮಿ ಮಾಡ್ಲಾ ಅಂತ. ಮೂವತ್ತೊಂದು ವರ್ಷ ಸರ್ಕಾರಿ ಅನುಭವ."

ಮರುದಿನ ಏಳು ಜನ ಬಂದರು. ಏಳು ಜನ ಒಟ್ಟಿಗೆ ಬಾಗಿಲಲ್ಲಿ ನಿಂತಿದ್ದನ್ನು ಕಂಡ ಭಾವ ಒಂದು ಕ್ಷಣ ತಬ್ಬಿಬ್ಬಾದರು. ಆಮೇಲೆ ಅವರ ಕೈ ತಾನಾಗಿ ಬಟ್ಟೆ ಚೀಲಕ್ಕೆ ಹೋಯಿತು. ಮೂವತ್ತೊಂದು ವರ್ಷದ ಅಭ್ಯಾಸ. ಅದಕ್ಕೆ ತಲೆಯ ಅಪ್ಪಣೆ ಬೇಕಾಗಲಿಲ್ಲ.

"ಕೂತ್ಕೊಳ್ಳಿ, ಕರೀತೀನಿ," ಎಂದು ಒಬ್ಬೊಬ್ಬರ ಕೈಗೂ ಒಂದೊಂದು ಹಿತ್ತಾಳೆ ಟೋಕನ್ ಇಟ್ಟರು.

ಕೆಟ್ಟದ್ದು ಅಲ್ಲೇ. ಟೋಕನ್ ಕೊಟ್ಟರೆ ಸಾಲು ಹುಟ್ಟುತ್ತದೆ. ಸಾಲು ಕಂಡರೆ ಇನ್ನಷ್ಟು ಜನ ಬರುತ್ತಾರೆ. ಯಾವುದಕ್ಕೆ ಎಂದು ಸಾಲಿನ ತುದಿಯವನಿಗೆ ಗೊತ್ತಿರಬೇಕೆಂದೇನೂ ಇಲ್ಲ. ದಿನ ಕಳೆದ ಹಾಗೆ ಮರದ ಕೆಳಗೆ ಕುರ್ಚಿಗಳು ಬಂದವು. ಟೋಕನ್ ಕೊಟ್ಟು ನಂಬರು ಕೂಗುವ ಕೆಲಸ ನನ್ನ ತಲೆಗೆ ಬಿತ್ತು. ಗಡಿಯಾರಗಳು ಮೇಲೆ ತಮ್ಮ ಪಾಡಿಗೆ ನಿಂತುಕೊಂಡವು. ಬಂದವರು ಒಳಗೆ ಹೋಗಿ, ಅರೆಗಣ್ಣು ಮುಚ್ಚಿ, ಯಾವತ್ತೂ ಯಾರಿಗೂ ಹೇಳದ್ದನ್ನೆಲ್ಲ ಹೇಳುತ್ತಿದ್ದರು. ಬೀಗ ರಿಪೇರಿಯವರು, ತಾವು ಕನಸಿನಲ್ಲಿ ದಿನಾ ಒಂದೇ ಬಾಗಿಲು ತೆರೆಯುತ್ತೇವೆಂದೂ ಒಳಗೆ ಬರೀ ಹುಲ್ಲುಗಾವಲಿದೆಯೆಂದೂ ಹೇಳಿ, ಹಾಗೇ ಗೊರಕೆ ಹೊಡೆದರು. ಭಾವ ಎಲ್ಲವನ್ನೂ ಬರೆದುಕೊಂಡರು. "ಹುಲ್ಲುಗಾವಲು. ಹಸಿರು ಬೆಳಕು ಬಯಸುತ್ತಾರೆ."

"ಡೋಸ್ ಕಮ್ಮಿ ಸಾಕು ಡಾಕ್ಟ್ರೇ," ಎಂದರೊಬ್ಬರು.

ಭಾವ ಹೊರಗೆ ಬಂದು ನನ್ನ ಕಿವಿಯಲ್ಲಿ, "ನೋಡಿದ್ಯಾ, ತಮಾಷೆಗೆ ಡಾಕ್ಟ್ರು ಅಂತಾರೆ. ಒಂದು ದೀಪದ ವಿಷಯಕ್ಕೆ ಜನ ಎಷ್ಟು ಆಸಕ್ತಿ ತಗೋತಾರೆ ಅಂತ ನನಗೆ ಗೊತ್ತೇ ಇರಲಿಲ್ಲ ಕಣೋ," ಎಂದರು. ಅವರ ಕಣ್ಣು ತುಂಬಿ ಬಂದಿತ್ತು. ನಿಜ ಹೇಳಿಬಿಡಬೇಕೆಂದು ನನಗೆ ಅನ್ನಿಸಿತು. ಹೇಳಲಿಲ್ಲ. ಅಷ್ಟು ಸಂತೋಷವಾಗಿದ್ದ ಭಾವನನ್ನು ನಾನು ಯಾವತ್ತೂ ಕಂಡಿರಲಿಲ್ಲ. ಸಾಲದ್ದಕ್ಕೆ ಆ ಪರದೆಗಳಿಂದ ಸೋರುವ ಬೆಳಕಿನಲ್ಲಿ ಎಲ್ಲ ತಪ್ಪುಗಳೂ ನಾಳೆಗೆ ಮುಂದೂಡಬಹುದಾದವು ಅನ್ನಿಸುತ್ತಿತ್ತು. ಮುಂದೂಡಿದ್ದು ಅಕ್ಕನ ರಜೆಯನ್ನು ಎಂಬುದು ಆಗ ನನಗೆ ಹೊಳೆಯಲಿಲ್ಲ.

ಹತ್ತೊಂಬತ್ತನೆಯ ಗೆರೆ ಬಿದ್ದ ಸಂಜೆ ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರ್ ಬಂದರು. ಕಂಕುಳಲ್ಲಿ ಫೈಲು, ಜೇಬಲ್ಲಿ ಅರಗು, ಮುಖದಲ್ಲಿ ದೂರು. ಪರವಾನಗಿ ಇಲ್ಲದೆ ಚಿಕಿತ್ಸೆ ನಡೆಯುತ್ತಿದೆ ಎಂದು ಯಾರೋ ಅರ್ಜಿ ಬರೆದಿದ್ದರು. ಸೀದಾ ಒಳಗೆ ನುಗ್ಗಲು ಹೊರಟ ಅವರಿಗೆ ನಾನು ಗಾಬರಿಯಿಂದ ಹದಿನಾಲ್ಕನೆಯ ಟೋಕನ್ ಕೊಟ್ಟೆ. ಅವರು ಟೋಕನ್ ನೋಡಿದರು, ತಿರುಗಿಸಿ ನೋಡಿದರು, ಹೋಗಿ ಕುರ್ಚಿಯಲ್ಲಿ ಕೂತರು. ಎಷ್ಟಾದರೂ ಸರ್ಕಾರಿ ನೌಕರರು.

ಅವರ ಸರದಿ ಬಂದಾಗ ನಾನು ಬಾಗಿಲ ಬಳಿಯೇ ನಿಂತಿದ್ದೆ.

"ಇಲ್ಲಿ ಜನಕ್ಕೆ ಏನು ಕೊಡ್ತಿದೀರಿ?"

"ಹನ್ನೆರಡು ವೋಲ್ಟು ಸಾರ್," ಎಂದರು ಭಾವ ವಿನಯದಿಂದ.

"ಕರೆಂಟ್ ಕೊಡ್ತಿದೀರಾ!"

"ಹನ್ನೆರಡೇ ವೋಲ್ಟು. ಒಂಚೂರೂ ಶಾಕ್ ಹೊಡೆಯಲ್ಲ. ಮೊದಲನೇ ದಿನ ಮಾತ್ರ ತಪ್ಪಾಗಿ ಪೂರ್ತಿ ಕೊಟ್ಟುಬಿಟ್ಟೆ."

"ಏನಾಯ್ತು?"

"ಸುಟ್ಟು ಹೋಯ್ತು ಸಾರ್. ಇನ್ನೊಂದು ತಂದೆ."

ಇನ್ಸ್‌ಪೆಕ್ಟರ್ ಬೆಂಚು ಹಿಡಿದುಕೊಂಡರು. "ಎಷ್ಟು ಜನಕ್ಕೆ ಕೊಟ್ಟಿದೀರಿ ಇಲ್ಲಿವರೆಗೆ?"

"ತಮ್ಮನ್ನೂ ಸೇರಿಸಿ ಎಂಬತ್ತೊಂಬತ್ತು. ಎಲ್ಲ ರಿಜಿಸ್ಟರಲ್ಲಿದೆ. ಅರವತ್ತು ಜನ ಅಭಿಪ್ರಾಯ ಹೇಳೋ ಮೊದಲೇ ಮಲಗಿಬಿಟ್ರು."

"ಎದ್ರಾ?"

"ಒಬ್ಬೊಬ್ಬರು ನಿಧಾನ."

ವ್ಯಾನನ್ನು ಕೂಡಲೇ ಮುಚ್ಚಿ ಮೊಹರು ಹಾಕುವುದಾಗಿ ಇನ್ಸ್‌ಪೆಕ್ಟರ್ ಘೋಷಿಸಿದರು. ವಿಚಾರಣೆ ಮುಗಿಯುವವರೆಗೆ ಗಾಡಿ ಒಂದಿಂಚೂ ಅಲ್ಲಾಡಬಾರದು. ಎರಡು ಮೂರು ತಿಂಗಳಾದರೂ ಆಗಬಹುದು. ಭಾವನ ಮುಖ ಸುಣ್ಣವಾಯಿತು. ಚಿಕಿತ್ಸೆ, ಅರ್ಜಿ, ವಿಚಾರಣೆ, ಯಾವುದೂ ಅವರಿಗೆ ಅರ್ಥವಾಗಲಿಲ್ಲ. ಗಾಡಿ ಹೊರಡುವುದಿಲ್ಲ ಎಂಬುದೊಂದು ಅರ್ಥವಾಯಿತು.

"ನಾಳೆ ಹೊರಡಲೇಬೇಕು ಸಾರ್," ಎಂದರು ಮೆಲ್ಲಗೆ. "ಇಪ್ಪತ್ತನೇ ಗೆರೆ ಬೀಳುತ್ತೆ."

ಆ ಮಾತು ಇನ್ಸ್‌ಪೆಕ್ಟರಿಗೆ ತಿಳಿಯಲಿಲ್ಲ. ಅವರು ನೋಟೀಸು ಬರೆಯಲು ಮಂಚದ ಮೇಲೆ ಕೂತರು. "ಬೆಳಕು ಸಾಲದು."

ಸೇವೆ ಎಂದರೆ ಸೇವೆ. ಮೊಹರು ಬೀಳುವ ಹೊತ್ತಿನಲ್ಲೂ ಭಾವ ಒಂದೊಂದೇ ದೀಪ ಹಾಕಿ ತೋರಿಸಿದರು. ಬಿಳಿಯದು ಕಣ್ಣಿಗೆ ಹೊಡೆಯುತ್ತದೆ ಎಂದರು ಇನ್ಸ್‌ಪೆಕ್ಟರ್. ನೀಲಿಯದು ಹಲ್ಲಿನ ಆಸ್ಪತ್ರೆ ಇದ್ದಂತಿದೆ ಎಂದರು. ಕೊನೆಗೆ ಕಪಾಟಿನ ಕೆಳಗಿನ ಪಟ್ಟಿ ದೀಪ ಹತ್ತಿತು. ಅವರು "ಸದರಿ ವಾಹನವನ್ನು" ಎಂದು ಬರೆದು ನಿಲ್ಲಿಸಿದರು.

"ನಮ್ಮ ಸೋದರಮಾವನ ಹತ್ರ ಒಂದು ದೋಣಿ ಇತ್ತು," ಎಂದರು ಇದ್ದಕ್ಕಿದ್ದಂತೆ. "ಸಂಜೆ ಅದರ ಮೂತೀಲಿ ಒಂದು ಲಾಟೀನು ಇಡ್ತಿದ್ರು. ಇದೇ ಬಣ್ಣ. ನಾನು ಹಲಗೆ ಮೇಲೆ ಮಲಗ್ತಿದ್ದೆ. ನೀರು ಕೆಳಗೆ ಮಾತಾಡೋದು ಕೇಳ್ತಿತ್ತು..."

"ಸ್ವಲ್ಪ ಕಮ್ಮಿ ಮಾಡ್ಲಾ ಸಾರ್?"

"ಹೂಂ," ಎಂದರು ಇನ್ಸ್‌ಪೆಕ್ಟರ್. ಪೆನ್ನು ಕಾಗದದ ಮೇಲೆ ಒಂದು ಉದ್ದ ಗೆರೆ ಎಳೆದು ಅಂಚಿನಿಂದ ಕೆಳಗೆ ಬಿತ್ತು.

ಅಷ್ಟರಲ್ಲಿ ನನ್ನ ಮುಂದೆ ಒಂದು ಕೈ ಬಂತು. ಸಾಲಿನಲ್ಲಿ ಮುಂದಿನವರು. ನಾನು ತಲೆ ಎತ್ತದೆ ಹದಿನೈದನೆಯ ಟೋಕನ್ ಇಟ್ಟೆ. ಆ ಕೈ ನನ್ನ ಅಂಗಿಯ ಎರಡನೇ ಗುಂಡಿ ಮುಟ್ಟಿ, "ಇನ್ನೂ ಹೊಲಿಸಿಲ್ಲ," ಎಂದಿತು.

ಅಕ್ಕ. ಗೋಡೆಯ ರಜೆ ಪತ್ರ ಕಿತ್ತುಕೊಂಡು ಬಂದಿದ್ದಳು.

ಒಳಗೆ ಭಾವ ರಿಜಿಸ್ಟರಿನಲ್ಲಿ ಮುಖ ಹುದುಗಿಸಿ ಕೂತಿದ್ದರು. ಮುಖ ನೋಡದೆ ಕೇಳುವುದು ಹಳೇ ಅಭ್ಯಾಸ.

"ಟೋಕನ್?"

"ಹದಿನೈದು."

"ಕೆಲಸ?"

"ಬಟ್ಟೆ ತಪಾಸಣೆ."

"ಎಷ್ಟು ವರ್ಷದಿಂದ?"

"ಇಪ್ಪತ್ತಾರು."

"ಕಣ್ಣಿಗೆ ಏನಾದ್ರೂ ತೊಂದ್ರೆ?"

"ತಪ್ಪು ಬಿಟ್ಟು ಬೇರೇನೂ ಕಾಣಲ್ಲ."

ಪೆನ್ನು ನಿಂತಿತು. ಭಾವ ತಲೆ ಎತ್ತಿದರು.

"ಬೀದೀಲಿರೋರನ್ನೆಲ್ಲ ಕೇಳಿದ್ರಿ," ಎಂದಳು ಅಕ್ಕ. ದನಿಯಲ್ಲಿ ಕೋಪವಿರಲಿಲ್ಲ, ಆಯಾಸವಿತ್ತು. "ಎಂಬತ್ತೊಂಬತ್ತು ಜನ. ಬೀಗದವರಿಗೆ ಯಾವ ಬೆಳಕು ಇಷ್ಟ ಅಂತ ನಿಮಗೆ ಗೊತ್ತು. ನನ್ನನ್ನ ಒಂದು ಸಲ ಒಳಗೆ ಕರೆದ್ರಾ?"

ಭಾವ ರಿಜಿಸ್ಟರು ಮುಚ್ಚಿದರು. "ನಿನಗೆ ತೋರಿಸೋ ಮೊದಲು ಸರಿ ಮಾಡ್ಕೊಳ್ಳೋಣ ಅಂತ," ಎಂದರು. "ನಿನ್ನ ಕಣ್ಣಿಗೆ ಬಿದ್ರೆ ತಪ್ಪು ಕಂಡುಬಿಡುತ್ತಲ್ಲ. ಅದಕ್ಕೆ ಹೆದರಿಕೆ ಆಯ್ತು."

ಮೂವತ್ತೊಂದು ವರ್ಷದಲ್ಲಿ ಆ ಮನುಷ್ಯ ಮೈಕಿಲ್ಲದೆ ಆಡಿದ ಅತ್ಯಂತ ಉದ್ದನೆಯ ಭಾಷಣ ಅದು.

ಅಕ್ಕ ಹೆಗಲ ಮೇಲಿದ್ದ ಶಾಲು ತೆಗೆದು, ಕಾರ್ಖಾನೆಯಲ್ಲಿ ಹಿಡಿಯುವ ಹಾಗೆಯೇ ಎರಡೂ ಕೈಯಲ್ಲಿ ಬಿಡಿಸಿ, ಪಟ್ಟಿ ದೀಪಕ್ಕೆ ಎದುರಾಗಿ ಹಿಡಿದಳು. ಒಂದು ತುದಿಯಿಂದ ಇನ್ನೊಂದು ತುದಿಗೆ ಕಣ್ಣು ಓಡಿಸಿದಳು. ಶಾಲಿನ ಮೂಲಕ ಬಂದ ಬೆಳಕು ಅವಳ ಮುಖದ ಮೇಲೆ, ಮಂಚದ ಮೇಲೆ, ಮಲಗಿದ್ದ ಇನ್ಸ್‌ಪೆಕ್ಟರ್ ಮೇಲೆ ಹರಡಿತ್ತು. ವ್ಯಾನಿನ ತುಂಬ ಬ್ರೆಡ್ಡಿನ ವಾಸನೆ.

"ಈ ಶಾಲಲ್ಲಿ ಮೂರು ಕಡೆ ಎಳೆ ತಪ್ಪಿದೆ. ನನಗೆ ಗೊತ್ತು, ನಾನೇ ತಪ್ಪು ಮಾಲಿನಿಂದ ಎತ್ತಿಟ್ಟುಕೊಂಡಿದ್ದು," ಎಂದಳು. "ಈಗ ಕಾಣ್ತಿಲ್ಲ."

ಆಮೇಲೆ ಶಾಲು ಕೆಳಗಿಳಿಸಿ, ಅದೇ ತಪಾಸಣೆಯ ಕಣ್ಣಿನಿಂದ ಭಾವನ ಮುಖವನ್ನು ಹಣೆಯಿಂದ ಗಲ್ಲದವರೆಗೆ ನೋಡಿದಳು. ಭಾವ ಉಸಿರು ಬಿಗಿಹಿಡಿದು ಕೂತರು.

"ನಿಮ್ಮಲ್ಲೂ ಕಾಣ್ತಿಲ್ಲ. ಇದೇ ಇರಲಿ. ಯಾವುದಿದು?"

"ಅಂಗಡಿಯವರು ಮೊದಲನೇ ದಿನ ಮೊದಲು ತೋರಿಸಿದ್ದು," ಎಂದರು ಭಾವ ಕುಗ್ಗಿ.

ಅಕ್ಕ ನಕ್ಕಳು. ಈ ಸಲ ನಗುವುದಕ್ಕೇ ನಕ್ಕಳು. ಎದ್ದು ಮುಂದಿನ ಸೀಟಿಗೆ ಹೋಗಿ ಕೂತು, ಕೀಲಿ ತಿರುಗಿಸಿದಳು.

"ಈಗಲೇ?" ಎಂದರು ಭಾವ. "ಇವರು ಇಲ್ಲೇ ಇದ್ದಾರಲ್ಲ! ಇನ್ನೂ ಅಭಿಪ್ರಾಯ ಹೇಳಿಲ್ಲ!"

"ಎದ್ದ ಮೇಲೆ ಹೇಳ್ತಾರೆ. ಎಬ್ಬಿಸಬೇಡಿ ಪಾಪ."

ಗಾಡಿ ಹೊರಟಿತು. ಇನ್ನೂ ಟೋಕನ್ ಸಿಗದೆ ಕಾಯುತ್ತಿದ್ದವರು ಕುರ್ಚಿಯಿಂದ ಎದ್ದು, ಕೈ ಬೀಸುವುದೋ ಜಗಳ ತೆಗೆಯುವುದೋ ತಿಳಿಯದೆ ನಿಂತರು. ಜೇನಿನ ಬಣ್ಣದ ಕಿಟಕಿಗಳು ಮುಸ್ಸಂಜೆಯ ಬೀದಿಯಲ್ಲಿ ತೇಲಿದಂತೆ ಹೋಗಿ ತಿರುವಿನಲ್ಲಿ ಮರೆಯಾದವು. ಗಣಿತದ ಮೇಡಂ ಮಾತ್ರ ಮೆಲ್ಲಗೆ ಆಕಳಿಸಿದರು.

ಇನ್ಸ್‌ಪೆಕ್ಟರ್ ಮರುದಿನ ಮಧ್ಯಾಹ್ನ ಬಸ್ಸಿನಲ್ಲಿ ವಾಪಸಾದರು. ಪ್ಯಾಂಟು ಮೊಣಕಾಲಿನವರೆಗೆ ಒದ್ದೆ. ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದೆ. "ದೊಡ್ಡ ಕೆರೆ," ಎಂದರು. "ದೋಣಿ ಇತ್ತು," ಎಂದರು. ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತು, ಎಣ್ಣೆ ಕಲೆಯಷ್ಟೇ ಉಳಿದಿದ್ದ ಜಾಗವನ್ನು ದಿಟ್ಟಿಸಿ ನೋಡಿ, ತಮ್ಮ ವರದಿ ಬರೆದರು: "ಸ್ಥಳ ಪರಿಶೀಲನೆ ಮಾಡಲಾಗಿ, ಸದರಿ ವಾಹನವು ಸ್ಥಳದಲ್ಲಿ ಕಂಡುಬಂದಿರುವುದಿಲ್ಲ." ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ.

ಹೋಗುವಾಗ ಭಾವನ ರಿಜಿಸ್ಟರನ್ನು ನನ್ನ ಕೈಗಿಟ್ಟರು. "ನಿಮ್ಮ ಭಾವ ಕೊಟ್ಟಿದ್ದು. ಇನ್ನು ಬೇಡವಂತೆ."

ಮಹಡಿ ಹತ್ತಿ, ನಿಂತ ಗಡಿಯಾರಗಳ ನಡುವೆ ಕೂತು, ಕೊನೆಯ ಪುಟ ತೆರೆದೆ. ಭಾವನ ದುಂಡು ಅಕ್ಷರ. ಟೋಕನ್: ಹದಿನೈದು. ಸಂಬಂಧ: ಹೆಂಡತಿ. ಬೆಳಕು: ಮೊದಲನೆಯದು. ಅಭಿಪ್ರಾಯ: ತಪ್ಪು ಕಾಣುವುದಿಲ್ಲ.

ಷರಾ ಕಾಲಮ್ಮನ್ನು ಅವರು ಎಂದೂ ಖಾಲಿ ಬಿಟ್ಟವರಲ್ಲ. ಅಲ್ಲಿ ಬರೆದಿದ್ದರು: ಮೊದಲೇ ಕೇಳಬೇಕಿತ್ತು.